ಓದುಗರ ಸ್ಪಂದನ: ಹಾಡು ನನ್ನದು, ಹೆಸರು ಯಾರದು?

ಕಳೆದ ಸಂಚಿಕೆಯಲ್ಲಿ ದಾವಣಗೆರೆಯ ಮೇಷ್ಟ್ರೊಬ್ಬರು ತಮ್ಮ ಕಷ್ಟ ಹೇಳಿಕೊಂಡಿದ್ದರು. ಹವ್ಯಾಸಿ ನಾಟಕಗಳಿಗೆ ಬಹಳ ವರ್ಷದಿಂದ ಹಾಡು ಬರೆಯುತ್ತಿರುವವರು. ಈಚೆಗೆ ಒಂದು ಸಿನಿಮಾಕ್ಕೂ ಬರೆದರು. ಟೈಟಲ್ ಕಾರ್ಡಿನಲ್ಲಿ ಹೆಸರು ಬರಲಿಲ್ಲ, ದುಡ್ಡೂ ಪೂರ್ತಿ ಬರಲಿಲ್ಲ. ಕೆಲಸ ಬಿಟ್ಟು ಬೆಂಗಳೂರಿಗೇ ಹೋಗಿಬಿಡಲೇ ಎಂಬುದು ಅವರ ಪ್ರಶ್ನೆ. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ಮನೆ ನಡೆಸುವವರು ನೀವೊಬ್ಬರೇ ಅಂತ ನೀವೇ ಬರೆದಿದ್ದೀರಿ. ಮತ್ತೆ ನಮ್ಮನ್ನು ಕೇಳುವುದೇನು? ನಿಮ್ಮ ಹೆಂಡತಿ ಏನಂತಾರೆ ಅನ್ನೋದು ಆ ಪತ್ರದಲ್ಲಿ ಒಂದು ಸಾಲೂ ಇಲ್ಲ.
– ಓದುಗಿ, ಶಿವಮೊಗ್ಗ

ಮುಂದಿನ ಪತ್ರ ಉದ್ದವಿದೆ. ಕತ್ತರಿಸಲು ಮನಸ್ಸಾಗಲಿಲ್ಲ.

ನಿಮ್ಮ ಪತ್ರ ಓದಿದ ದಿನ ನನಗೆ ಊಟ ಸೇರಲಿಲ್ಲ. ನಮ್ಮಪ್ಪ ಕಂಪನಿ ನಾಟಕಕ್ಕೆ ಹಾಡು ಕಟ್ಟುತ್ತಿದ್ದರು. ಬನಶಂಕರಿ ಜಾತ್ರೆಗೆ ಕ್ಯಾಂಪ್ ಹಾಕಿದಾಗ ಹೊಸ ಹಾಡು ಬೇಕೇ ಬೇಕು ಅಂತ ಮಾಲೀಕರು ಹಟ ಹಿಡಿಯುತ್ತಿದ್ದರು. ಹಾರ್ಮೋನಿಯಂ ಮಾಸ್ತರು ಮಟ್ಟು ನುಡಿಸಬೇಕು, ಅಪ್ಪ ಅಲ್ಲೇ ಕೂತು ಹ್ಯಾಂಡ್‌ಬಿಲ್ಲಿನ ಹಿಂದೆ ಬರೆಯಬೇಕು. ಹಾಡುವಾಕೆಯ ಉಸಿರು ಎಲ್ಲಿ ನಿಲ್ಲುತ್ತದೆ ಅಂತ ನೋಡಿ ಪದ ಬದಲಿಸುತ್ತಿದ್ದರು. ಒತ್ತಕ್ಷರದಲ್ಲಿ ಆಕೆ ತಡವರಿಸಿದರೆ ಅದನ್ನು ಹೊಡೆದುಹಾಕಿ ಹಗುರಾದ ಮಾತು ಕೊಡುತ್ತಿದ್ದರು.

ಆಮೇಲೆ ಅವರದೊಂದು ಪಲ್ಲವಿ ಸಿನಿಮಾಕ್ಕೆ ಹೋಯಿತು. ರೇಡಿಯೋದಲ್ಲಿ ಹಾಡಿಗೆ ಮುಂಚೆ ‘ಸಾಹಿತ್ಯ’ ಅಂತ ಬೇರೆಯವರ ಹೆಸರು ಹೇಳಿದರು. ಅಪ್ಪ ಏನೂ ಅನ್ನಲಿಲ್ಲ. ಅವ್ವ ಮಾತ್ರ ‘ಹೋಗಿ ಕೇಳಬಾರದೇನ್ರಿ?’ ಅಂತ ಜಗಳ ತೆಗೆದಳು. ಕೇಳೋಕೆ ಕೈಯಲ್ಲಿ ಕಾಗದ ಬೇಕಲ್ಲ! ಆ ಹ್ಯಾಂಡ್‌ಬಿಲ್ಲು ಎಲ್ಲಿ ಹೋಗಿತ್ತೋ. ಈಗಲೂ ಮದುವೆ ಮನೆಯಲ್ಲಿ ಆ ಹಾಡು ಹಾಕಿದರೆ ನಾನು ಎದ್ದು ಹೊರಗೆ ಬರುತ್ತೇನೆ. ಬೆಂಗಳೂರಿಗೆ ಹೋಗೋದು ಬಿಡೋದು ನಿಮಗೆ ಬಿಟ್ಟಿದ್ದು. ಬರೆದ ಹಾಳೆಯನ್ನು ಮಾತ್ರ ಯಾರಿಗೂ ಸುಮ್ನೆ ಕೊಡಬೇಡಿ. ತಾರೀಖು ಹಾಕಿ ಒಂದು ಪ್ರತಿ ಇಟ್ಟುಕೊಳ್ಳಿ.
– ಓದುಗಿ, ಬಾಗಲಕೋಟೆ

ಈ ಕಾಗದದ ಮಾತನ್ನೇ ಬೆಂಗಳೂರಿನ ಕೀಬೋರ್ಡ್ ವಾದಕರೊಬ್ಬರು ಮುಂದುವರಿಸಿದ್ದಾರೆ. ದಯವಿಟ್ಟು ನಿಧಾನವಾಗಿ ಓದಿ.

ಸರ್, ಊರು ಬಿಡುವ ಅಗತ್ಯ ಈಗ ಅಷ್ಟಿಲ್ಲ. ಟ್ಯೂನ್ ವಾಟ್ಸ್‌ಆ್ಯಪ್‌ನಲ್ಲೇ ಬರುತ್ತದೆ, ‘ತನನಾ’ ಅನ್ನುವ ಡಮ್ಮಿ ಸಾಹಿತ್ಯದ ಜೊತೆ. ಅದೇ ಟ್ಯೂನ್ ಇನ್ನೂ ಮೂರ್ನಾಲ್ಕು ಜನಕ್ಕೆ ಹೋಗಿರೋದೂ ಉಂಟು. ಹಾಡು ಕಳಿಸುವ ಮುಂಚೆ ಅಡ್ವಾನ್ಸ್ ಎಷ್ಟು, ಹೆಸರು ಎಲ್ಲೆಲ್ಲಿ ಬರಬೇಕು ಅಂತ ಬರೆಸಿಕೊಳ್ಳಿ. ‘ಎಲ್ಲ ಹಕ್ಕೂ ಬಿಟ್ಟುಕೊಟ್ಟಿದ್ದೇನೆ’ ಅನ್ನುವ ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರೂ ಎದೆಗುಂದಬೇಡಿ. 2012ರ ಕಾಪಿರೈಟ್ ತಿದ್ದುಪಡಿ ನಿಮ್ಮ ಪರ ಇದೆ. ಚಿತ್ರಮಂದಿರದ ಪ್ರದರ್ಶನ ಬಿಟ್ಟು ಟಿವಿ, ರೇಡಿಯೋ, ಆನ್‌ಲೈನ್‌ ಬಳಕೆಯ ರಾಯಲ್ಟಿಯಲ್ಲಿ ಹಾಡು ಬರೆದವರಿಗೂ ಪಾಲಿದೆ. ಆ ಪಾಲನ್ನು ನಿರ್ಮಾಪಕರಿಗೆ ಬರೆದುಕೊಡಲು ಕಾನೂನು ಬಿಡುವುದಿಲ್ಲ. ಹಾಡು ಬರೆದವರ, ಸಂಗೀತ ಕೊಟ್ಟವರ ಪರವಾಗಿ ಈ ರಾಯಲ್ಟಿ ವಸೂಲಿ ಮಾಡಿ ಹಂಚುವ ಸಂಸ್ಥೆ ಐಪಿಆರ್‌ಎಸ್‌; ಮೊದಲು ಅದರ ಸದಸ್ಯರಾಗಿ.
– ಓದುಗ, ಬೆಂಗಳೂರು

ನಾಟಕದ ಹಾಡು ಸಿನಿಮಾಕ್ಕೆ ಏಣಿ ಅಂದುಕೊಂಡಿದ್ದೀರಾ? ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’ (1934). ಅದಕ್ಕೆ ಹಾಡು ಬರೆದ ಬೆಳ್ಳಾವೆ ನರಹರಿ ಶಾಸ್ತ್ರಿಗಳು ನಾಟಕದವರು. ಅಂದು ಸಿನಿಮಾದವರೇ ನಾಟಕದವರ ಮನೆಬಾಗಿಲಿಗೆ ಬಂದಿದ್ದರು. ನೀವು ಮೇಷ್ಟ್ರು ಅಲ್ವಾ, ನಿಮ್ಮ ಶಾಲೆಯ ಮಕ್ಕಳಿಗೆ ರಂಗಗೀತೆ ಕಲಿಸಿ.
– ನಿವೃತ್ತ ಶಿಕ್ಷಕ, ತುಮಕೂರು

ಎಲ್ಲ ಪತ್ರಗಳನ್ನೂ ಮೇಷ್ಟ್ರಿಗೆ ತಲುಪಿಸಿದ್ದೇವೆ. ಹಾಡು ಬರೆಯುವವರು ಕರಾರಿನಲ್ಲಿ ಏನೇನು ಬರೆಸಿಕೊಳ್ಳಬೇಕು ಎಂದು ಬಲ್ಲ ವಕೀಲರು ತಿಳಿಸಿದರೆ ಮುಂದಿನ ಸಂಚಿಕೆಯಲ್ಲಿ ಜಾಗ ಕಾದಿರಿಸಿದ್ದೇವೆ.
– ಸಂ.