ಬೇಸಿಕ್ ಏರಿಸಬೇಕೋ, ಓಟಿ ಹಿಡೀಬೇಕೋ? ಅನುಭವ ಇದ್ದವರು ಹೇಳ್ರಿ

ಬೆಳಗಾವಿ ಉದ್ಯಮಬಾಗದ ಒಂದು ಫೌಂಡ್ರಿಯೊಳಗ (ಲೋಹ ಎರಕದ ಕಾರ್ಖಾನೆ) ಹನ್ನೊಂದು ವರ್ಷದಿಂದ ಅದೀನಿ. ಯೂನಿಯನ್ ಅಗ್ರಿಮೆಂಟ್ ಮುಗದೈತಿ. ಮಾಲಕರು ಎರಡು ದಾರಿ ಇಟ್ಟಾರ: ಬೇಸಿಕ್‌ಗೆ (ಮೂಲ ಪಗಾರಕ್ಕ) 1,500 ರೂಪಾಯಿ ಏರಿಕೆ, ಇಲ್ಲಾಂದ್ರ ಬರೇ 400 ಏರಿಕೆ, ಜೋಡಿ ಬೇಕಾದವರಿಗೆ ತಿಂಗಳಿಗೆ 24 ತಾಸು ಓಟಿ (ಪಾಳಿ ಮುಗದ ಮ್ಯಾಲಿನ ಹೆಚ್ಚಿಗಿ ಕೆಲಸ). ಓಟಿ ಹಿಡದ್ರ ಕೈಗೆ ನಾಲ್ಕೂವರಿ ಸಾವಿರ ಹೆಚ್ಚಿಗೆ ಬರ್ತೈತಿ. ಹುಡುಗರು ಓಟಿ ಅಂತಾರ, ಹಿರಿಯರು ಬೇಸಿಕ್ ಅಂತಾರ. ರವಿವಾರ ಮೀಟಿಂಗ್ ಐತಿ.

ಮೋಲ್ಡಿಂಗ್‌ನಿಂದ (ಅಚ್ಚು ಮಾಡೂ ವಿಭಾಗ) ರಿಟೈರ್ ಆದವರು:
ತಮ್ಮಾ, ನಾ 28 ವರ್ಷ ದುಡದಾಂವ. ನಮ್ಮ ಮುಂದೂ ಇದ ಪ್ರಶ್ನೆ ಬಂದಿತ್ತು, ನಾವು ಓಟಿಗೆ ಕೈ ಎತ್ತಿದ್ವಿ. ಏಳೆಂಟು ವರ್ಷ ರೊಕ್ಕ ಚೊಲೋ ಬಂತು. ಮನಿಗೆ ಸ್ಲ್ಯಾಬ್ ಹಾಕಿಸಿದ್ದು ಅದರಾಗನ. ಆದ್ರ ಹೊರಗ ಬರೂ ದಿನ ಗ್ರ್ಯಾಚುಟಿ (ಕೆಲಸ ಬಿಡೂ ಮುಂದ ಕೊಡೂ ಇಡಿಗಂಟು) ಹಾಳಿ ಕೈಯಾಗ ಕೊಟ್ರಲ್ಲ, ಅವತ್ತ ತಿಳೀತು. ಕಡೀ ತಿಂಗಳ ಬೇಸಿಕ್, ಡಿಎ (ತುಟ್ಟಿ ಭತ್ಯೆ) ಕೂಡಿಸಿ, 26ರಿಂದ ಭಾಗಿಸಿ, 15ರಿಂದ ಗುಣಿಸಿ, ದುಡದ ವರ್ಷದಿಂದ ಮತ್ತ ಗುಣಿಸೂದು. ಓಟಿದು ಅದರಾಗ ಒಂದು ಪೈಸಾ ಇಲ್ಲ. ನನ್ನ ಜೋಡಿನ ಬಾಜೂ ಕಂಪನಿ ಸೇರಿದಾಂವಂದು ಬೇಸಿಕ್ ನನಗಿಂತ 3,000 ಹೆಚ್ಚಿತ್ತು. ವರ್ಷ ಇಬ್ಬರದೂ 28. ಬರೇ ಗ್ರ್ಯಾಚುಟಿಯೊಳಗ ನಲವತ್ತೆಂಟು ಸಾವಿರದ ಮ್ಯಾಲೆ ಫರಕ ಬಿತ್ತು. ಇವತ್ತ ಏರಿದ 1,500 ನಿನ್ನ ಹಿಂದಿನ ಹನ್ನೊಂದು ವರ್ಷಕ್ಕೂ ಹತ್ತತೈತಿ, ಅದನ್ನ ಮರೀಬ್ಯಾಡ.

ಹುಡುಗರಿಗೆ ಇನ್ನೊಂದು ಹೇಳು. ಓಟಿ ಅಂದ್ರ ಪಗಾರದ ದುಪ್ಪಟ್ಟು, 1948ರ ಕಾರ್ಖಾನೆ ಕಾಯ್ದೆ ಕಾಲದಿಂದನೂ ಐತಿ. ಬೇಸಿಕ್ ಏರಿದ್ರ ಓಟಿ ರೇಟೂ ಏರತೈತಿ. 1,500ನ್ನ ತಿಂಗಳ 208 ತಾಸಿಗೆ ಹಂಚಿದ್ರ ಏಳು ರೂಪಾಯಿ ಚಿಲ್ಲರ, ಓಟಿ ತಾಸಿಗೆ ಹದಿನಾಲ್ಕು.

ಫೆಟ್ಲಿಂಗ್ (ಎರಕ ಸಾಫ್ ಮಾಡೂ ಕೆಲಸ), ಮಚ್ಛೆ ಕಡೆಯಿಂದ:
ಕಾಕಾ ಹೇಳೂದು ಖರೆ ಐತ್ರಿ. ಆದ್ರ ತಂಗಿ ಮದುವಿ ಸಾಲ ತಲಿಮ್ಯಾಲೆ ಇದ್ದಾಗ ರಿಟೈರ್ ಲೆಕ್ಕ ಯಾರಿಗೂ ಕಾಣಂಗಿಲ್ರಿ. ಓಟಿ ಮಾಡೇ ಎರಡು ವರ್ಷದಾಗ ಸೊಸೈಟಿ ಸಾಲ ತೀರಿಸೀನಿ. ತಪ್ಪಿದ್ದು ಮುಂದ: ಓಟಿ ನಂಬಿ ಬೈಕ್ ಕಂತು ಹಾಕ್ಕೊಂಡೆ. ಆರ್ಡರ್ ಕಡಿಮಿ ಆತು, ನೋಟಿಸ್ ಬೋರ್ಡಿಗೆ ನಾಲ್ಕು ಸಾಲಿನ ಹಾಳಿ ಹಚ್ಚಿದ್ರು, ಓಟಿ ಬಂದ್. ಐದು ತಿಂಗಳ ಕಂತು ಅಣ್ಣನ ಕಡೆ ಇಸ್ಕೊಂಡು ತುಂಬಿದೆ.

ಒಬ್ಬ ಕಾಮಗಾರರ ಮನಿಯಾಕಿ:
ನಮ್ಮವರು ಫರ್ನೇಸ್ ಮ್ಯಾಲೆ. ಓಟಿ ಇದ್ದ ದಿನ ರಾತ್ರಿ ಹನ್ನೊಂದಕ್ಕ ಬರ್ತಾರ, ಅಂಗಿ ಬೆನ್ನ ಮ್ಯಾಲೆ ಬೆವರು ಒಣಗಿ ಬಿಳಿ ಗೆರಿ ಬಿದ್ದಿರ್ತಾವ. ತಟ್ಟಿಟ್ಟ ರೊಟ್ಟಿ ಅರ್ಧಾ ತಿಂದು ಮಲಗಿಬಿಡ್ತಾರ. ಸಣ್ಣಾಕಿ ಒಮ್ಮೆ, ಅಪ್ಪ ಊರಿಗೆ ಹೋಗ್ಯಾನೇನಬೇ ಅಂತ ಕೇಳಿದ್ಲು. ಬೇಕಾದವರಿಗೆ ಅಂತ ಬರದಿರ್ತಾರ ಖರೆ, ಹತ್ತು ಮಂದಿ ಹೂಂ ಅಂದ ಮ್ಯಾಲೆ ಹನ್ನೊಂದನೆಯವರು ಒಲ್ಲೆ ಅಂದ್ರ ಸೂಪರ್‌ವೈಜರ್ ಮಾರಿ ಬ್ಯಾರೆನ ಆಗತೈತಿ.

ಯೂನಿಯನ್ ಕಮಿಟಿಯೊಳಗ ಇದ್ದವರು:
ಮದಲ ಪಿಎಫ್ (ಭವಿಷ್ಯ ನಿಧಿ) ನೋಡ್ರಿ. ಓಟಿ ಮ್ಯಾಲೆ ಪಿಎಫ್ ಇಲ್ಲ. ಬೇಸಿಕ್‌ನ 1,500ಕ್ಕ ನಿಮ್ಮದು 180, ಮಾಲಕರದೂ 180. ಆದ್ರ ಕಂಪನಿ 15,000 ಪಗಾರದ ತನಕ ಅಷ್ಟ ಅಂತ ಮಿತಿ ಹಾಕಿ ಪಿಎಫ್ ಕಟ್ಟಾಕತ್ತಿದ್ರ, ನಿಮ್ಮ ಪಗಾರ ಅದನ್ನ ದಾಟಿದ್ರ, ಆ ಲಾಭ ಸಿಗಂಗಿಲ್ಲ. ಪಗಾರ ಸ್ಲಿಪ್ ತಗದು ನೋಡ್ರಿ.

ಬೇಸಿಕ್, ಓಟಿ ಎರಡೂ ಮಾತು ಒಂದ ಅಗ್ರಿಮೆಂಟಿನೊಳಗ ಬ್ಯಾಡ. ಓಟಿ ಒಲ್ಲೆ ಅಂದವರ ಮ್ಯಾಲೆ ಕ್ರಮ ಇಲ್ಲ ಅಂತ ಬರವಣಿಗಿಯೊಳಗ ತಗೋರಿ. ನಾವು 1,500 ಕೇಳಿ 1,200ಕ್ಕ ಒಪ್ಪಿದ್ವಿ, ಓಟಿ ಮಾತ ತಗೀಲಿಲ್ಲ. ದೀಪಾವಳಿ ಮುಂದ ಆರ್ಡರ್ ಬಂದ್ವು, ಮಾಲಕರ ತಾವ ಬಂದು ಓಟಿ ಮಾಡ್ರಿ ಅಂತ ಕೇಳಿದ್ರು.

ಕೇಳಿದವರು:
ಸ್ಲಿಪ್ ನೋಡಿದೆ ಅಣ್ಣಾ, ನಮಗ ಮಿತಿ ಹಾಕಿಲ್ಲ, ಪೂರಾ ಬೇಸಿಕ್ ಡಿಎ ಮ್ಯಾಲೆ ಕಟ್ ಆಗತೈತಿ. ಕಾಕಾನ ಗ್ರ್ಯಾಚುಟಿ ಲೆಕ್ಕಕ್ಕ ನನ್ನ ಹನ್ನೊಂದು ವರ್ಷ ಹಾಕಿ ಒಂದು ಹಾಳಿ ಬರದೀನಿ. ರವಿವಾರ ಹುಡುಗರ ಮುಂದ ಅದನ್ನ ಓದ್ತೀನಿ.