ಅಸಲಿಗಿಂತ ಕಡಿಮೆಗೆ ಮಾರಿ ಎದುರಾಳಿಯನ್ನು ಓಡಿಸುವುದು ಹರಾಮೇ?

ಪ್ರಶ್ನೆ
ಪಕ್ಕದವರು ಬಾಗಿಲು ಹಾಕಲಿ ಅಂತಲೇ ಒಬ್ಬ ವ್ಯಾಪಾರಿ ನಷ್ಟಕ್ಕೆ ಮಾರುತ್ತಾನೆ, ಅವರು ಹೋದಮೇಲೆ ದರ ಏರಿಸುತ್ತಾನೆ. ಫಿಕ್ಹ್ (ಇಸ್ಲಾಮೀ ಧರ್ಮಶಾಸ್ತ್ರ) ಪ್ರಕಾರ ಇದು ಬರೀ ಪೈಪೋಟಿಯೇ? ಪ್ರವಾದಿಯವರು(ಸ) ದರ ನಿಗದಿ ಮಾಡಲು ಒಪ್ಪಲಿಲ್ಲವಲ್ಲ, ಹಾಗಾದರೆ ಆಡಳಿತ ಮಧ್ಯೆ ಬರಬಹುದೇ?

ಉತ್ತರ 1
ಆ ಹದೀಸನ್ನು (ಪ್ರವಾದಿಯವರ ನಡೆ-ನುಡಿಯ ವರದಿ) ಅರ್ಧಕ್ಕೇ ನಿಲ್ಲಿಸಬೇಡಿ. ಮದೀನಾದಲ್ಲಿ ಬೆಲೆ ಏರಿದಾಗ ದರ ಕಟ್ಟಲು ನಿರಾಕರಿಸಿದ್ದು, ಯಾರಿಗೂ ಅನ್ಯಾಯ ಮಾಡಿದ ಹೊಣೆ ಹೊತ್ತು ಅಲ್ಲಾಹನೆದುರು ನಿಲ್ಲಬಾರದು ಎಂಬ ಕಾರಣಕ್ಕೆ. ಧರ್ಮವಿದ್ವಾಂಸ ಇಬ್ನ್ ತೈಮಿಯ್ಯಾ (1263–1328) ಇದೇ ಎಳೆ ಹಿಡಿದು ಬಿಡಿಸುತ್ತಾರೆ: ಸರಕು ಕಡಿಮೆಯಾಗಿಯೋ ಕೊಳ್ಳುವವರು ಹೆಚ್ಚಾಗಿಯೋ ಬೆಲೆ ಏರಿದರೆ ಕೈಹಾಕುವುದು ಅನ್ಯಾಯ. ಜನರಿಗೆ ಬೇಕೇಬೇಕಾದ ಸರಕನ್ನು ಕೂಡಿಟ್ಟು ಏರಿಸಿದರೆ ಸುಮ್ಮನಿರುವುದೇ ಅನ್ಯಾಯ. ಆಗ ‘ಸಮನ್ ಅಲ್-ಮಿಸ್ಲ್’, ಅಂದರೆ ಅಂಥದೇ ಸರಕಿಗೆ ನಡೆಯುವ ದರಕ್ಕೆ ಮಾರಿಸಬಹುದು.

ಉತ್ತರ 2
ವ್ಯಾಪಾರಿಯೇ ದರ ಇಳಿಸಿದ ಪ್ರಕರಣವೂ ಇದೆ. ಪ್ರವಾದಿಯವರ ಸಂಗಾತಿ ಹಾತಿಬ್ ಪೇಟೆಯಲ್ಲಿ ಒಣದ್ರಾಕ್ಷಿ ಮಾರುತ್ತಿದ್ದಾಗ ಖಲೀಫ ಉಮರ್, ‘ದರ ಏರಿಸು, ಇಲ್ಲವೇ ನಮ್ಮ ಪೇಟೆಯಿಂದ ಎತ್ತು’ ಎಂದರು. ಇದು ಇಮಾಮ್ ಮಾಲಿಕರ ಹದೀಸ್ ಸಂಗ್ರಹ ‘ಮುವತ್ತಾ’ದಲ್ಲಿದೆ. ಆದರೆ ಫಿಕ್ಹ್‌ನ ಪಂಥಗಳಲ್ಲೊಂದಾದ ಶಾಫಿಈ ಪಕ್ಷ ಇನ್ನೊಂದು ವರದಿ ಮುಂದಿಡುತ್ತದೆ: ಉಮರ್ ಆಮೇಲೆ ಹಾತಿಬರ ಮನೆಗೇ ಹೋಗಿ, ಅದು ಆಜ್ಞೆಯಲ್ಲ, ನಿನಗೆ ಬೇಕಾದಂತೆ ಮಾರು ಎಂದರಂತೆ. ಹೀಗಾಗಿ ಅಗ್ಗದ ದರವೊಂದನ್ನೇ ಹಿಡಿದು ಹರಾಮ್ ಅನ್ನುವುದು ದುಡುಕು. ನೀವು ಹೇಳಿದ್ದರಲ್ಲಿ ತೂಗಬೇಕಾದದ್ದು ಓಡಿಸುವ ಉದ್ದೇಶ, ಆಮೇಲಿನ ಏರಿಕೆ. ‘ಲಾ ಜರರ ವಲಾ ಜಿರಾರ್’ (ಹಾನಿ ಮಾಡಬೇಡ, ಹಾನಿಗೆ ಪ್ರತಿಹಾನಿಯೂ ಬೇಡ) ಎಂಬ ಸೂತ್ರ ಅನ್ವಯಿಸುವುದು ಅಲ್ಲೇ.

ಉತ್ತರ 3
ಗಿರಾಕಿ ಎಳೆಯುವ ರೀತಿಯನ್ನೂ ನೋಡಿ, ನಿಷೇಧ ಸ್ಪಷ್ಟವಾಗಿರುವುದು ಅಲ್ಲಿ. ಕೊಳ್ಳುವ ಮನಸ್ಸಿಲ್ಲದೆ ಹರಾಜಿನಲ್ಲಿ ಬೆಲೆ ಏರಿಸುವುದು ‘ನಜಶ್’. ದುಡ್ಡು ಕೊಟ್ಟು ಬರೆಸುವ ಸುಳ್ಳು ರಿವ್ಯೂ ಕೂಡ ಅದೇ ಜಾತಿ ಎನ್ನುವುದು ನನ್ನ ಅಭಿಪ್ರಾಯ. ಇನ್ನೊಬ್ಬನ ವ್ಯಾಪಾರ ಕುದುರಿದ ಮೇಲೆ ‘ಅದನ್ನು ಬಿಡು, ನಾನು ಕಡಿಮೆಗೆ ಕೊಡ್ತೀನಿ’ ಅನ್ನುವಂತಿಲ್ಲ. ಸರಕು ಹೊತ್ತು ಬರುವವರಿಗೆ ಪೇಟೆ ದರ ತಿಳಿಯುವ ಮೊದಲೇ ಊರಾಚೆ ಹೋಗಿ ಕೊಳ್ಳುವಂತಿಲ್ಲ. ಧಾನ್ಯದ ರಾಶಿಯೊಳಗೆ ಪ್ರವಾದಿಯವರು(ಸ) ಕೈ ತೂರಿದಾಗ ಬೆರಳಿಗೆ ತೇವ ತಗುಲಿತು; ಮಳೆಗೆ ನೆನೆಯಿತು ಎಂದ ವ್ಯಾಪಾರಿಗೆ, ನೆನೆದದ್ದನ್ನು ಜನ ನೋಡುವಂತೆ ಮೇಲೇಕೆ ಹಾಕಲಿಲ್ಲ ಎಂದು ಕೇಳಿದರು.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಧನ್ಯವಾದ. ಓಡಿಸಿ ಆದಮೇಲೆ ಏರಿಸುವ ದರಕ್ಕೆ ಮಿತಿ ಇದೆಯೇ?

ಉತ್ತರ 2
ಲಾಭಕ್ಕೆ ಇಂತಿಷ್ಟೇ ಶೇಕಡಾ ಎಂಬ ಮಿತಿಯಿಲ್ಲ. ಆದರೆ ಹಿಂದಿನ ಒಟ್ಟೊಮಾನ್ ಸಾಮ್ರಾಜ್ಯದ ನಾಗರಿಕ ಸಂಹಿತೆ ಮೆಜೆಲ್ಲೆಯ 165ನೇ ವಿಧಿ ‘ಗಬನ್ ಫಾಹಿಶ್’ (ವಿಪರೀತ ಬೆಲೆವ್ಯತ್ಯಾಸ) ಯಾವುದೆಂದು ಅಳೆದಿಟ್ಟಿದೆ: ಸಾಮಾನು ಸರಂಜಾಮಿಗೆ 20ರಲ್ಲಿ 1 ಪಾಲು, ಪ್ರಾಣಿಗಳಿಗೆ 10ರಲ್ಲಿ 1, ಜಮೀನು-ಮನೆಗೆ 5ರಲ್ಲಿ 1. ಎಡವುವುದು ಇಲ್ಲೇ: ಮಾರಾಟ ರದ್ದಾಗಲು ವ್ಯತ್ಯಾಸ ಅಷ್ಟಿದ್ದರೂ ಸಾಲದು, ಮಾರಿದವನು ಮೋಸದ ಮಾತಾಡಿದ್ದೂ ಸಾಬೀತಾಗಬೇಕು. ಅನಾಥರ ಆಸ್ತಿ, ವಕ್ಫ್, ಖಜಾನೆಯ ಸೊತ್ತಿಗೆ ಮಾತ್ರ ಆ ಷರತ್ತಿಲ್ಲ.