ರೇಡ್-5ರಿಂದ ಡಿಸ್ಕ್ ಹೊರಬಿದ್ದಿದೆ, ಸ್ಮಾರ್ಟ್ ಮಾತ್ರ ‘ಪಾಸ್’ ಅನ್ನುತ್ತಿದೆ

ಪ್ರಶ್ನೆ: 8 ಟಿಬಿಯ 4 ಡಿಸ್ಕ್, ಲಿನಕ್ಸ್‌ನ ಸಾಫ್ಟ್‌ವೇರ್ ರೇಡ್ ಆದ ಎಂಡಿಯಲ್ಲಿ ರೇಡ್-5, ಅಂದರೆ ಒಂದು ಡಿಸ್ಕ್ ಹೋದರೂ ಡೇಟಾ ಉಳಿಯುವ ಜೋಡಣೆ. ನಿನ್ನೆ ಒಂದು ಡಿಸ್ಕ್ ಹೊರಬಿತ್ತು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿ ‘ಪಾಸ್’. ಅದನ್ನೇ ವಾಪಸ್ ಸೇರಿಸಬಹುದಾ ಸರ್? ಬ್ಯಾಕಪ್ ಅರ್ಧಂಬರ್ಧ ಇದೆ.

ಉತ್ತರ: ಈಗಲೇ ಸೇರಿಸಬೇಡಿ, ಮೊದಲು ಬ್ಯಾಕಪ್ ಮುಗಿಸಿ. ರೀಬಿಲ್ಡ್ (ಹೊರಬಿದ್ದ ಡಿಸ್ಕಿನ ಡೇಟಾ ಮತ್ತೆ ಕಟ್ಟುವುದು) ಶುರುವಾದರೆ ಉಳಿದ 3 ಡಿಸ್ಕುಗಳ 24 ಟಿಬಿಯನ್ನೂ ಒಂದು ಸೆಕ್ಟರ್ (ಡಿಸ್ಕಿನ ಚಿಕ್ಕ ತುಣುಕು) ಬಿಡದೆ ಓದಬೇಕು. ವರ್ಷಗಟ್ಟಲೆ ಯಾರೂ ಮುಟ್ಟದ ಜಾಗ ಕೆಟ್ಟಿದ್ದರೆ ಬಯಲಾಗುವುದು ಆಗಲೇ, ಕಾಪಾಡಲು ಪ್ಯಾರಿಟಿ (ಕಳೆದ ಡೇಟಾವನ್ನು ಲೆಕ್ಕ ಹಾಕಿ ತರುವ ಹೆಚ್ಚುವರಿ ಮಾಹಿತಿ) ಇಲ್ಲದ ಹೊತ್ತಿನಲ್ಲಿ.

‘ಪಾಸ್’ ಅನ್ನುವುದನ್ನು ನಂಬಬೇಡಿ. ನಾಲ್ಕೂ ಡಿಸ್ಕುಗಳಲ್ಲಿ ಸ್ಮಾರ್ಟ್ ಪಟ್ಟಿಯ 5, 197, 198ರ (ಕೆಟ್ಟ ಸೆಕ್ಟರುಗಳ ಎಣಿಕೆ) ಕೊನೆಯ ಕಾಲಂ ನೋಡಿ. 197 ಸೊನ್ನೆ ಇಲ್ಲದಿದ್ದರೆ ಓದಲಾಗದ ಸೆಕ್ಟರ್ ಇದೆ ಅಂತಲೇ ಲೆಕ್ಕ. 199 (ಡೇಟಾ ಸಾಗಣೆಯ ದೋಷ) ಮಾತ್ರ ಏರಿದ್ದರೆ ಸಾಟಾ ಕೇಬಲ್ ಬದಲಿಸಿ. ಆ ಅಂಕಿ ಇಳಿಯುವುದಿಲ್ಲ, ಏರುವುದು ನಿಂತರೆ ಸಾಕು.

ಡೆಸ್ಕ್‌ಟಾಪ್ ಡಿಸ್ಕಾ? ಹಾಗಾದರೆ ಟೈಮ್‌ಔಟ್ ಮೇಲೆ ನನಗೆ ಅನುಮಾನ. ಇಂಥ ಡಿಸ್ಕ್ ಒಂದು ಕೆಟ್ಟ ಸೆಕ್ಟರ್ ಓದಲು ನಿಮಿಷಕ್ಕೂ ಮೀರಿ ಹೆಣಗಾಡಬಹುದು. ಲಿನಕ್ಸ್‌ನ ತಿರುಳಾದ ಕರ್ನಲ್ ಕಾಯುವುದು 30 ಸೆಕೆಂಡ್. ಆಮೇಲೆ ಲಿಂಕ್ ರೀಸೆಟ್, ಡಿಸ್ಕ್ ಹೊರಗೆ. ಡಿಸ್ಕ್ ಬೇಗ ‘ಆಗಲ್ಲ’ ಅಂದಿದ್ದರೆ ಎಂಡಿ ಪ್ಯಾರಿಟಿಯಿಂದ ಲೆಕ್ಕ ಹಾಕಿ ಆ ಸೆಕ್ಟರನ್ನು ತಾನೇ ಮತ್ತೆ ಬರೆಯುತ್ತಿತ್ತು. ಸ್ಮಾರ್ಟ್ ನೋಡುವ ಆಜ್ಞೆಯಾದ ಸ್ಮಾರ್ಟ್‌ಸಿಟಿಎಲ್‌ನಲ್ಲಿ ಎಸ್‌ಸಿಟಿಇಆರ್‌ಸಿಗೆ (ಡಿಸ್ಕ್ ಎಷ್ಟು ಹೊತ್ತು ಹೆಣಗಾಡಬೇಕು ಅನ್ನುವ ಮಿತಿ) 70,70 ಕೊಡಿ, ಅಂದರೆ 7 ಸೆಕೆಂಡ್. ಡಿಸ್ಕ್ ಒಪ್ಪದಿದ್ದರೆ ಕರ್ನಲ್ ಟೈಮ್‌ಔಟನ್ನೇ 180 ಸೆಕೆಂಡಿಗೆ ಏರಿಸಿ. ಕರೆಂಟ್ ಹೋಗಿ ಬಂದರೆ ಎರಡೂ ಮೊದಲಿನಂತೆ. ಬೂಟ್ ಆದಾಗಲೆಲ್ಲ ತಾನೇ ಜಾರಿಯಾಗುವ ಯುಡೆವ್ ನಿಯಮದಲ್ಲೇ ಬರೆದಿಡಿ.

ಪ್ರಶ್ನೆ: ಹೊಸ ಡಿಸ್ಕ್ ತರುವುದಾದರೆ? ರೀಬಿಲ್ಡ್ ನಡುವೆ ಇನ್ನೊಂದು ಬಿದ್ದರೆ?

ಉತ್ತರ: ಸಿಎಂಆರ್ (ಟ್ರ್ಯಾಕುಗಳು ಒಂದರ ಮೇಲೊಂದು ಬಾರದ ಡಿಸ್ಕ್) ಎಂದು ಖಾತ್ರಿ ಮಾಡಿಕೊಂಡೇ ತನ್ನಿ. ಸೆಕೆಂಡಿಗೆ 150 ಎಂಬಿ ಸಿಕ್ಕರೂ 8 ಟಿಬಿಗೆ ಸುಮಾರು 15 ಗಂಟೆ. ಎಸ್‌ಎಂಆರ್ (ಟ್ರ್ಯಾಕುಗಳು ಹೆಂಚಿನಂತೆ ಒಂದರ ಮೇಲೊಂದು ಬರುವ ಡಿಸ್ಕ್) ಆದರೆ ದಿನಗಟ್ಟಲೆ ಎಳೆಯಬಹುದು. ಇನ್ನೊಂದು ಬಿದ್ದರೆ ಅಲ್ಲಿಗೇ ನಿಲ್ಲಿಸಿ. ಎಂಡಿ ನಡೆಸುವ ಆಜ್ಞೆಯಾದ ಎಂಡಿಎಡಿಎಂನ ‘ಕ್ರಿಯೇಟ್’ (ಹೊಸದಾಗಿ ಕಟ್ಟುವುದು) ಕಡೆ ಕೈ ಹಾಕಬೇಡಿ, ಡಿಸ್ಕುಗಳ ಕ್ರಮವೋ ಚಂಕ್ (ಒಂದು ಡಿಸ್ಕಿಗೆ ಒಮ್ಮೆಗೆ ಬರೆಯುವ ತುಣುಕು) ಗಾತ್ರವೋ ತಪ್ಪಿದರೆ ಡೇಟಾ ಕಲಸುಮೇಲೋಗರ. ಎರಡನೆಯದಾಗಿ ಬಿದ್ದ ಡಿಸ್ಕನ್ನು ಡಿಡಿರೆಸ್ಕ್ಯೂ (ಕೆಟ್ಟ ಡಿಸ್ಕ್ ನಕಲಿಸುವ ಸಾಧನ) ಬಳಸಿ ಮ್ಯಾಪ್ ಫೈಲ್ (ಎಷ್ಟು ನಕಲಾಯಿತು ಅನ್ನುವ ದಾಖಲೆ) ಸಮೇತ ಬೇರೆ ಡಿಸ್ಕಿಗೆ ನಕಲು ಮಾಡಿ, ಆ ನಕಲನ್ನಿಟ್ಟು ‘ಅಸೆಂಬಲ್ ಫೋರ್ಸ್’ (ಬಲವಂತವಾಗಿ ಮತ್ತೆ ಜೋಡಿಸುವುದು) ಕೊಡಿ.

ಇನ್ನೊಬ್ಬರ ಉತ್ತರ: ಮೇಲಿನದಕ್ಕೆ ಒಂದು ಸೇರಿಸುತ್ತೇನೆ. ತಿಂಗಳಿಗೊಮ್ಮೆ ಎಂಡಿಯ ಸಿಂಕ್ ಆಕ್ಷನ್ ಫೈಲಿಗೆ ‘ಚೆಕ್’ ಬರೆದರೆ ಅಡಗಿದ ಕೆಟ್ಟ ಸೆಕ್ಟರ್ ಮೊದಲೇ ಸಿಕ್ಕಿಬೀಳುತ್ತದೆ. ಆದರೆ ರೇಡ್-5ರಲ್ಲಿ ಪ್ಯಾರಿಟಿ ತಾಳೆಯಾಗದಿದ್ದಾಗ ಸುಳ್ಳು ಹೇಳುತ್ತಿರುವುದು ಯಾವ ಡಿಸ್ಕ್ ಅಂತ ಎಂಡಿಗೆ ತಿಳಿಯದು. ಜೆಡ್‌ಎಫ್‌ಎಸ್ (ರೇಡ್ ಕೆಲಸವನ್ನೂ ತಾನೇ ಮಾಡುವ ಫೈಲ್ ವ್ಯವಸ್ಥೆ) ಪ್ರತಿ ಬ್ಲಾಕಿಗೂ ಚೆಕ್‌ಸಮ್ (ಡೇಟಾ ತಾಳೆ ನೋಡುವ ಅಂಕಿ) ಇಡುವುದರಿಂದ ಹಿಡಿಯುತ್ತದೆ. ಹೇಗೂ ಬ್ಯಾಕಪ್ ತೆಗೆಯುತ್ತಿದ್ದೀರಲ್ಲ, ಇದೇ 4 ಡಿಸ್ಕಿನಲ್ಲಿ ರೇಡ್‌ಜೆಡ್-2 (ಜೆಡ್‌ಎಫ್‌ಎಸ್‌ನ ಎರಡು ಪ್ಯಾರಿಟಿಯ ರೇಡ್) ಕಟ್ಟಿ. 24ರ ಬದಲು 16 ಟಿಬಿ ಸಿಗುತ್ತದೆ, ಯಾವ ಎರಡು ಹೋದರೂ ಡೇಟಾ ಉಳಿಯುತ್ತದೆ.